ಹೊಡೆದು ಹೋದ ದಿನ

ಅಣ್ಣನಿಗೆ ನಲವತ್ತನಾಲ್ಕು. ನೀರು ಶುದ್ಧೀಕರಿಸುವ ಘಟಕದಲ್ಲಿ ಹತ್ತೊಂಬತ್ತು ವರ್ಷದಿಂದ ಗುತ್ತಿಗೆಯ ಪಂಪ್ ಆಪರೇಟರ್. ತಿಂಗಳ ಕೊನೆಗೆ ಗುತ್ತಿಗೆಯವರೆಲ್ಲ ಮನೆಗೆ. ಕ್ಲೋರಿನ್ ಹಾಕುವ ಕಾಯಂ ಕೆಲಸ ಒಂದು ಮಾತ್ರ ಉಳಿಯುತ್ತದೆ. ಅದಕ್ಕೊಂದು ಪರೀಕ್ಷೆ, ಪರೀಕ್ಷೆಯಲ್ಲಿ ಒಂದೇ ಲೆಕ್ಕ. ತಪ್ಪಿದರೆ ಮುಗಿಯಿತು, ಮುಂದಿನ ಸಲಕ್ಕೆ ಅವನ ವಯಸ್ಸು ದಾಟಿರುತ್ತದೆ.

ಹೇಳಿಕೊಟ್ಟವಳು ನಾನು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ತಂಗಿ. ನಮ್ಮ ಮನೆಯಲ್ಲಿ ವಿಜ್ಞಾನ ಓದಿದವಳು ಅಂದರೆ ನಾನೊಬ್ಬಳೇ.

"ಸಂಖ್ಯೆಗೆ ಹೆದರಬೇಡ ಅಣ್ಣ, ಏಕಮಾನ ನೋಡು. ಮೇಲೂ ಲೀಟರ್, ಕೆಳಗೂ ಲೀಟರ್ ಇದ್ರೆ ಎರಡನ್ನೂ ಹೊಡೆದು ಹಾಕು."

"ಇರೋದೇ ಒಂದು ಮಾನ. ಅದನ್ನೂ ಹೊಡೆದು ಹಾಕು ಅಂತೀಯಲ್ಲೇ."

ಒಳಗಿಂದ ಅತ್ತಿಗೆ, "ಒಂದಾದ್ರೂ ಇದೆಯಾ ನಿಮಗೆ?" ಅಂದಳು.

ಮೂರು ವಾರ ಹಳೆಯ ಕ್ಯಾಲೆಂಡರಿನ ಹಾಳೆಗಳ ಬೆನ್ನ ಮೇಲೆ ಬರೆದ. ಪೆನ್ನನ್ನು ಸ್ಪ್ಯಾನರಿನ ಹಾಗೆ ಹಿಡಿದು ಲೀಟರ್ ಹೊಡೆದ, ಮಿಲಿಗ್ರಾಂ ಹೊಡೆದ. ಎಲ್ಲ ಹೋಗಿ ಬೇಕಾದ ಏಕಮಾನವಷ್ಟೇ ಉಳಿದರೆ ಉತ್ತರ ಸರಿ ಎಂದಿದ್ದೆ. ಅವನಿಗೆ ಧೈರ್ಯ ಬರಲಿ ಅಂತ ಹಾಗೆಂದಿದ್ದೆ.

ಪರೀಕ್ಷೆ ಮುಗಿಸಿ ಅವನು ನೇರ ಅಂಗಡಿಗೇ ಬಂದ. ಕೌಂಟರಿನ ಗಾಜಿನ ಮೇಲೆ ಎರಡೂ ಮೊಣಕೈ ಊರಿದ.

"ಕೇಳು ಮೇಡಂ. ದಿನಕ್ಕೆ ಏಳು ಲಕ್ಷದ ಇಪ್ಪತ್ತು ಸಾವಿರ ಲೀಟರ್ ನೀರು. ಲೀಟರಿಗೆ ಎರಡು ಮಿಲಿಗ್ರಾಂ ಕ್ಲೋರಿನ್. ಗಂಟೆಗೆ ಎಷ್ಟು ಗ್ರಾಂ? ಲೀಟರಿಗೆ ಲೀಟರ್ ಹೋಯ್ತು. ಮಿಲಿಗ್ರಾಂ ಹೋಯ್ತು. ದಿನಕ್ಕೆ ದಿನ ಹೋಯ್ತು. ಉಳಿದಿದ್ದು ಮೇಲೆ ಗ್ರಾಂ, ಕೆಳಗೆ ಗಂಟೆ. ನೂರಾ ಎಂಬತ್ತು!"

ಬಿಲ್ಲಿನ ಹಿಂದೆ ಮಾಡಿ ನೋಡಿದೆ. ಅರವತ್ತು ಬಂತು. ಇನ್ನೊಮ್ಮೆ ಮಾಡಿದೆ. ಅರವತ್ತೇ.

"ದಿನಕ್ಕೆ ಎಷ್ಟು ಗಂಟೆ ಹಾಕ್ದೆ?"

"ಎಂಟು."

ಅವರ ಪಂಪ್‌ಹೌಸಿನಲ್ಲಿ ಪಾಳಿ ಎಂಬ ಮಾತೇ ಇಲ್ಲ. ಎಂಟು ಗಂಟೆ ದುಡಿದರೆ ಒಂದು ದಿನ. "ನಿನ್ನೆ ಎರಡು ದಿನ ಮಾಡ್ದೆ" ಎನ್ನುತ್ತ ಮನೆಗೆ ಬರುತ್ತಿದ್ದ, ನಾವು ನಗುತ್ತಿದ್ದೆವು.

"ಇಪ್ಪತ್ನಾಲ್ಕು ಅಣ್ಣ," ಅಂದೆ.

ಅವನು ಬಿಲ್ಲನ್ನು ತನ್ನ ಕಡೆ ತಿರುಗಿಸಿಕೊಂಡ. "ಎಲ್ಲಾ ಹೊಡೆದು ಹೋಯ್ತಲ್ಲೇ. ನೀನು ಹೇಳಿದ ಹಾಗೇ."

"ಎಂಟು ಹಾಕಿದ್ರೂ ಹೋಗುತ್ತೆ, ಎಂಬತ್ತು ಹಾಕಿದ್ರೂ ಹೋಗುತ್ತೆ."

"ಅದನ್ನ ನೀನು ಹೇಳಿರ್ಲಿಲ್ಲ."

"ಇಲ್ಲ."

ಕೆಮ್ಮಿನ ಔಷಧಿಗೆ ಒಬ್ಬರು ಬಂದರು. ಅಣ್ಣ ಪಕ್ಕಕ್ಕೆ ಸರಿದು ಜಾಗ ಬಿಟ್ಟ. ನಾನು ಬಾಟಲಿ ಕೊಟ್ಟೆ, ಊಟ ಆದ ಮೇಲೆ ಎರಡು ಚಮಚ ಎಂದೆ. ಅವರು ಹೋದರು.

"ನೂರಾ ಎಂಬತ್ತು ಹಾಕಿದ್ರೆ ನೀರು ಏನಾಗ್ತಿತ್ತು?"

"ಕ್ಲೋರಿನ್ ಮೂರು ಪಟ್ಟು."

"ಬಾಯಿಗಿಡೋಕಾಗಲ್ಲ," ಅಂದ, ಕೆಲಸ ಬಲ್ಲವನ ದನಿಯಲ್ಲಿ. "ಹಾಗಿದ್ರೆ ನನ್ನನ್ನ ತಗೊಳ್ಳದೇ ಇರೋದೇ ಸರಿ. ಊರು ಕುಡಿಯೋ ನೀರು."

ನಾನು ಬಿಲ್ಲನ್ನು ಮಡಚಿ ಡ್ರಾಯರಿಗೆ ಹಾಕಿದೆ.

ಅವನ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ತೆಗೆದು ನೋಡಿದ, ಗಾಜಿನ ಮೇಲಿಟ್ಟು ನನ್ನತ್ತ ತಳ್ಳಿದ.

"ನಿಮ್ಮತ್ತಿಗೆ. ನೀನೇ ಹೇಳು."

ಎತ್ತಿಕೊಂಡೆ.

"ಏನ್ರೀ, ಸುಲಭ ಇತ್ತಾ?" ಅಂದಳು ಅತ್ತಿಗೆ, ನಗುತ್ತ.