ನಮ್ಮನೆಯವಳು ಏನು ಮಾಡಿದ್ಲು ಗೊತ್ತಾ

ಆ ದೊಡ್ಡ ಲಾಂಡ್ರಿಯ ಮೇಸ್ತ್ರಿ ಯಾರನ್ನೂ ಬೈಯುತ್ತಿರಲಿಲ್ಲ. ಬೈದರೆ ಕೆಲಸದವರು ಮುಖ ಊದಿಸಿಕೊಂಡು ಇನ್ನೊಂದು ಚಾದರ ಸುಡುತ್ತಾರೆ ಅನ್ನೋದು ಅವನಿಗೆ ಮೊದಲ ವರ್ಷವೇ ಗೊತ್ತಾಗಿತ್ತು. ಅದಕ್ಕೇ ಯಾರು ಏನೇ ಎಡವಟ್ಟು ಮಾಡಲಿ, ಬೆಳಿಗ್ಗೆ ಎಲ್ಲರನ್ನೂ ಇಸ್ತ್ರಿ ಮೇಜಿನ ಸುತ್ತ ಸೇರಿಸಿ, ಅದನ್ನು ತನ್ನ ಹೆಂಡತಿಯ ತಲೆಗೆ ಕಟ್ಟುತ್ತಿದ್ದ.

"ನಮ್ಮನೆಯವಳು ನಿನ್ನೆ ಏನು ಮಾಡಿದ್ಲು ಗೊತ್ತಾ? ಬಿಳಿ ಬಟ್ಟೆ ಜೊತೆ ಕೆಂಪು ಟವೆಲ್ ನೆನೆಹಾಕಿಬಿಟ್ಲು ಮಾರಾಯ್ರೇ! ನನ್ನ ಬನಿಯನ್ನೆಲ್ಲ ಗುಲಾಬಿ!"

ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಹಿಂದಿನ ದಿನ ನಿಜಕ್ಕೂ ಕೆಂಪು ಟವೆಲ್ ಹಾಕಿದ್ದವಳೂ ನಗುತ್ತಿದ್ದಳು, ಅವತ್ತಿನಿಂದ ಬಣ್ಣದ ಬಟ್ಟೆ ಬೇರೆ ಮಾಡುತ್ತಿದ್ದಳು. ಮಾಲೀಕರಿಗಂತೂ ಖುಷಿಯೋ ಖುಷಿ.

ಹೆಂಡತಿ ತವರು ಸೇರಿ ವರ್ಷಗಳೇ ಆಗಿದ್ದವು ಅನ್ನೋದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಅವಳಷ್ಟು ಅಚ್ಚುಕಟ್ಟಿನ ಹೆಂಗಸು ಇಡೀ ಬೀದಿಯಲ್ಲಿರಲಿಲ್ಲ. ಕಥೆ ಕಟ್ಟಿ ಕಟ್ಟಿ ಅವಳನ್ನು ಮನೆಯಲ್ಲೇ ಇಟ್ಟುಕೊಂಡಿದ್ದ ಪುಣ್ಯಾತ್ಮ. ಆ ಕಥೆಗಳೂ ಹೋದರೆ ಅವನಿಗೆ ತನ್ನವರು ಅಂತ ಯಾರೂ ಇರಲಿಲ್ಲ.

ಹೀಗಿರುವಾಗ ಮಾಲೀಕರು ಎಲ್ಲರಿಗೂ ಒಂದು ಊಟ ಇಟ್ಟರು. "ಈ ಸಲ ಅಕ್ಕನ್ನ ಕರ್ಕೊಂಡು ಬರ್ಲೇಬೇಕು ಸಾರ್," ಅಂತ ಕೆಲಸದವರು ಗಂಟುಬಿದ್ದರು. ಬೇರೆ ದಾರಿ ಕಾಣದೆ ಹೆಂಡತಿಗೆ ಫೋನು ಮಾಡಿದ.

"ಒಂದು ಹೊತ್ತು ಬಂದು ಹೋಗು. ದಿನಾ ನಿನ್ನ ಕಥೇನೇ ಹೇಳ್ತೀನಿ ಇಲ್ಲಿ. ಎಲ್ಲರಿಗೂ ನೀನಂದ್ರೆ ಪ್ರಾಣ."

ಆ ಕಡೆಯಿಂದ ಅವಳು ಕೇಳಿದಳು:

"ಅಲ್ಲಿ ದಿನಾ ಮಾತಾಡ್ತೀರಾ?"

"ಹೂಂ."

"ನನ್ನ ಹತ್ರ 'ಊಟಕ್ಕೆ ಹಾಕು' ಅನ್ನೋದು ಬಿಟ್ರೆ ಬಾಯೇ ಬಿಡ್ತಿರಲಿಲ್ವಲ್ಲ ರೀ. ಕಾದು ಕಾದು ಸಾಕಾಗಿ ಬಂದೆ." ದನಿಯಲ್ಲಿ ಸಿಟ್ಟಿರಲಿಲ್ಲ. ಅಳುತ್ತಿದ್ದಳು. ಫೋನು ಇಟ್ಟುಬಿಟ್ಟಳು.

ಊಟದ ದಿನ ಒಬ್ಬನೇ ಹೋದ. "ಅಕ್ಕ ಎಲ್ಲಿ ಸಾರ್?"

ನಿಜ ಹೇಳಿಬಿಡೋಣ ಅನ್ನಿಸಿತು. ಆದರೆ ಎದುರಿಗಿದ್ದವರೆಲ್ಲ ಆಗಲೇ ನಗೋಕೆ ತಯಾರಾಗಿ ನಿಂತಿದ್ದರು.

"ಹೊರಟಿದ್ಲು ಕಣ್ರೋ! ಹೊಸ ಬಟ್ಟೆ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟು, ಫೋನಲ್ಲಿ ಹರಟೆಗೆ ಕೂತ್ಲು. ಇಷ್ಟಗಲ ತೂತು!"

ಗೊಳ್ಳೆಂದು ನಕ್ಕರು. ಇಸ್ತ್ರಿಯವಳು ಕಣ್ಣೊರೆಸಿಕೊಳ್ಳುತ್ತಾ, "ಪಾಪ, ಅಕ್ಕನಿಗೆ ಕೊಡಿ," ಅಂತ ಡಬ್ಬಿ ತುಂಬಿ ಕೈಗಿಟ್ಟಳು.

ಮನೆಗೆ ಬಂದು ಡಬ್ಬಿಯನ್ನು ಮೇಜಿನ ಮೇಲೆ, ಅವಳು ಕೂರುತ್ತಿದ್ದ ಕಡೆ ಇಟ್ಟ. ಎದುರಿನ ಕುರ್ಚಿ ಎಳೆದು ಕೂತ.

"ಇವತ್ತು ಏನಾಯ್ತು ಗೊತ್ತಾ?" ಅಂದ.

ಆ ಮನೆಯಲ್ಲಿ ಅವನು ಹಾಗೆ ಕೇಳಿದ್ದು ಅದೇ ಮೊದಲು.