ತಳದ ನೀರು

ತಂದೆಯ ಬಲಗೈ ಬಿಡಿಸಿ ಬೆರಳ ಸಂದಿಗೆ ನೀರು ಹಾಕುತ್ತಿದ್ದ ದಾನಿಶ್ ತಟ್ಟನೆ ನಿಂತ. ತೋರುಬೆರಳಿನ ಮೇಲೆ ಕೂದಲೆಳೆಯಷ್ಟು ಸಣ್ಣ ಗಾಯವಿತ್ತು. ಹಳೆಯದಲ್ಲ, ಅಂಚು ಇನ್ನೂ ಕೆಂಪಗಿತ್ತು.

ತಂದೆ ಹಬೀಬ ಬೆಳಗಿನ ಜಾವ ನಿದ್ದೆಯಲ್ಲೇ ತೀರಿಹೋಗಿದ್ದ. ಕೊನೆಯ ಸ್ನಾನ ಮುಗಿಸಿ, ಬಿಳಿ ಬಟ್ಟೆ ಹೊದಿಸಿ, ಬೇರೆ ಊರಲ್ಲಿ ಕೆಲಸದಲ್ಲಿದ್ದು ಸುದ್ದಿ ತಿಳಿದು ಬಂದಿದ್ದ ಮಗ ಒದ್ದೆ ತೋಳಿನಲ್ಲೇ ಹೊರಗೆ ಬಂದ. ಕೆ.ಆರ್. ನಗರದ ಆ ಓಣಿಯ ತುಂಬ ಪ್ಲಾಸ್ಟಿಕ್ ಕುರ್ಚಿಗಳು. ಜವರಯ್ಯ ಮಾತ್ರ ಎದುರು ಮನೆಯ ಜಗಲಿಯ ಮೇಲೆ ಕೂತಿದ್ದ. ಹೊಳೆದಂಡೆಯ ಹಳ್ಳಿಯ ಬೇಸಾಯಗಾರ, ಸತ್ತವನಿಗೆ ಮೂವತ್ತು ವರ್ಷದ ಗೆಳೆಯ. ಆರು ವರ್ಷದಿಂದ ಈ ಮನೆಯ ಹೊಸಿಲು ದಾಟಿರಲಿಲ್ಲ.

“ಮಾಮ, ಒಂದ್ಮಾತು,” ಎಂದ ದಾನಿಶ್. “ನಿನ್ನೆ ಅಬ್ಬಾನ ಹೊಳೆಗೆ ಕರ್ಕೊಂಡು ಹೋಗಿದ್ರಾ?”

“ನಾನಾ? ಅವತ್ತಿಂದ ಹೊಳೆ ಕಡೆ ತಲೆ ಆಕಿ ಮಲಗಿಲ್ಲ ಕಣಪ್ಪ.”

“ಬೆರಳಲ್ಲಿ ದಾರ ಕುಯ್ದ ಗುರುತದೆ. ಹೊಸದು.”

ಜವರಯ್ಯ ತನ್ನ ತೋರುಬೆರಳನ್ನು ನೋಡಿಕೊಂಡ. ದೊಡ್ಡ ಗೆಂಡೆ ಮೀನು ಗಾಳ ಕಚ್ಚಿ ಓಡಿದಾಗ ದಾರ ಹಾಗೆಯೇ ಕುಯ್ಯುತ್ತದೆ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

* * *

ಹಬೀಬ ದರ್ಜಿ. ಐವತ್ತು ದಾಟುವ ಹೊತ್ತಿಗೆ ಕಣ್ಣಿನ ನರ ಸೋತು, ಮೊದಲು ಸೂಜಿಯ ತೂತು ಕಾಣದಾಯಿತು, ಆಮೇಲೆ ಸೂಜಿ, ಆಮೇಲೆ ಅಳತೆ ಕೊಡಲು ಬಂದವರ ಮುಖ. ಮಿಷನ್ನಿಗೆ ಬಟ್ಟೆ ಹೊದಿಸಿ ಸುಮ್ಮನೆ ಕೂತುಬಿಟ್ಟವನನ್ನು ಕಾವೇರಿಗೆ ಕರೆದೊಯ್ದವನು ಜವರಯ್ಯ.

ಎಲ್ಲರೂ ಮೀನು ಹಿಡಿಯುವುದು ನಿಂತ ನೀರಿನಲ್ಲಿ, ದಾರಕ್ಕೆ ಕಟ್ಟಿ ತೇಲಿಬಿಟ್ಟ ಬೆಂಡು ಮುಳುಗುವುದನ್ನು ನೋಡುತ್ತಾ. ಕಣ್ಣಿಲ್ಲದವನಿಗೆ ಬೆಂಡು ಯಾಕೆ? ಬಂಡೆಗಳ ನಡುವೆ ನೀರು ಆಳವಾಗಿ, ರಭಸವಾಗಿ ಓಡುವ ಕಡೆ ಅವನನ್ನು ನಿಲ್ಲಿಸಿದ. ಒಂದು ಕಲ್ಲು ಮಗುಚಿ, ಅದರಡಿ ಅಂಟಿದ್ದ ಆರು ಕಾಲಿನ ಹುಳುವನ್ನು ಅಂಗೈ ಮೇಲೆ ಬಿಟ್ಟ.

“ಇನ್ನೂ ರೆಕ್ಕೆ ಬರದಿರೋ ಮರಿ ಇದು. ಕಾಲು ಜಾರಿದ್ರೆ ತಳದಲ್ಲಿ ಉರುಳ್ಕೊಂಡು ಓಯ್ತದೆ. ಗೆಂಡೆ ಅಲ್ಲೇ ಕಾದಿರ್ತದೆ.”

ಮರುವಾರ ಹಬೀಬ ಅಂಥದೇ ನಕಲಿ ಹುಳುವನ್ನು ಕೈಯಂದಾಜಿನಲ್ಲೇ ಗಾಳದ ಮೇಲೆ ಕಟ್ಟಿ ತಂದಿದ್ದ. ಸೀಸದ ತಂತಿ ಸುತ್ತಿ, ಮೇಲೆ ರವಿಕೆ ಹೊಲಿಯುವ ಕಂದು ನೂಲು, ಕಾಲಿಗೆ ನವಿಲುಗರಿಯ ಎಳೆ. ಹರಿವಿನ ಮೇಲ್ಗಡೆಗೆ ಎಸೆದ ಗಾಳ ಭಾರಕ್ಕೆ ಮುಳುಗಿ, ತಳ ತಡವುತ್ತಾ ಕೆಳಗೆ ಬರುತ್ತಿತ್ತು. ದಾರ ಅವನ ಬೆರಳ ಮೇಲೆ ಹಾದಿರುತ್ತಿತ್ತು. ಇದು ಕಲ್ಲು, ಇದು ಪಾಚಿ, ಇದು ಮರಳು ಎಂದು ಹೇಳುತ್ತಾ ಹೋಗುತ್ತಿದ್ದ.

“ಮೇಲೆ ಇಷ್ಟು ಗದ್ದಲ ಮಾಡ್ತದಲ್ಲ ಜವರ, ತಳದಲ್ಲಿ ನಿಧಾನ ಕಣೋ. ಯಾರೋ ನಿದ್ದೇಲಿ ಮಗ್ಗಲು ಬದಲಾಯಿಸ್ದಂಗೆ.”

ಹತ್ತು ವರ್ಷ ಹಾಗೆ ಹೋಯಿತು. ಒಂದು ಭಾನುವಾರ ಮೇಲೆಲ್ಲೋ ಮಳೆಯಾಗಿ ನೀರು ಏರಿತು. ಬೀಡಿ ಹಚ್ಚಲೆಂದು ಜವರಯ್ಯ ಗೆಳೆಯನ ತೋಳು ಬಿಟ್ಟಿದ್ದ. ಹೊಳೆ ಕೊಚ್ಚಿಕೊಂಡು ಹೋಗಿ ಇಪ್ಪತ್ತು ಮಾರು ಕೆಳಗೆ ಪೊದೆಗೆ ಸಿಕ್ಕಿಕೊಂಡ ಹಬೀಬನನ್ನು ಎಳೆದು ದಡಕ್ಕೆ ತಂದಾಗ ಭುಜದ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಹಬೀಬನ ಹೆಂಡತಿ ಜಮೀಲುನ್ನೀಸಾ ಜವರಯ್ಯನತ್ತ ನೋಡದೆ ಹೇಳಿದಳು: “ಇನ್ನು ನನ್ನ ಗಂಡನ್ನ ಹೊಳೆಗೆ ಕರೀಬೇಡಿ.”

ಜವರಯ್ಯ ತನ್ನ ಗಾಳದ ಕೋಲನ್ನೇ ಮುರಿದು ಒಲೆಗೆ ಹಾಕಿದ. ಆಮೇಲೂ ಗೆಳೆಯರು ಟೀ ಅಂಗಡಿಯಲ್ಲಿ ಸಿಗುತ್ತಿದ್ದರು. ಹೊಳೆಯ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ.

* * *

“ಅಮ್ಮಿ ನಿಮ್ಮನ್ನ ಕರೀತಿದಾರೆ,” ಎಂದು ದಾನಿಶ್ ಮತ್ತೆ ಬಂದ.

ನಡುಮನೆಯ ಬಾಗಿಲಿಗೆ ಪರದೆ ಇಳಿಬಿಟ್ಟಿತ್ತು. ಜಮೀಲುನ್ನೀಸಾಳ ದನಿ ಅದರ ಹಿಂದಿನಿಂದ ಬಂತು.

“ಕೂತ್ಕೊಳ್ಳಿ ಜವರಣ್ಣ. ನಿನ್ನೆ ಅವರನ್ನ ಹೊಳೆಗೆ ಕರ್ಕೊಂಡು ಹೋಗಿದ್ದು ನಾನು.”

ಜವರಯ್ಯ ನಿಂತೇ ಇದ್ದ.

“ಭುಜ ಸರಿಹೋದ ಮೇಲೆ ಒಂದಿನ ಬಚ್ಚಲಲ್ಲಿ ನಲ್ಲಿ ಸುರೀತಾನೇ ಇತ್ತು. ಹೋಗಿ ನೋಡಿದ್ರೆ, ಕುಕ್ಕರುಗಾಲಲ್ಲಿ ಕೂತು, ಆ ನೀರಿಗೆ ಒಂದು ನೂಲು ಬಿಟ್ಟು ಬೆರಳಲ್ಲಿ ಹಿಡ್ಕೊಂಡಿದ್ರು. ಅಷ್ಟೇ. ನನ್ನ ಕೈಲಿ ನೋಡಕ್ಕಾಗ್ಲಿಲ್ಲ. ಭಾನುವಾರ ಬಸ್ಸು ಹತ್ತಿಸ್ದೆ.”

“ನೀವೂ ನೀರಿಗಿಳಿದ್ರಾ?”

“ಅವರ ಹಿಂದೆ, ಅಂಗಿ ಹಿಡ್ಕೊಂಡು. ಆರು ವರ್ಷ.”

ಹೊರಗೆ ಯಾರೋ ಕುರ್ಚಿ ಸರಿಸಿದ ಸದ್ದಾಯಿತು.

“ನಂಗೆ ಒಂದು ಮಾತು ಏಳಬೌದಿತ್ತಲ್ಲ ಅಕ್ಕ,” ಎಂದ ಜವರಯ್ಯ. “ಅವನ ಹೊಳೆ ನಾನೇ ಕಿತ್ಕೊಂಡೆ ಅಂತ ಇಷ್ಟು ವರ್ಸ ಒಳಗೊಳಗೇ ಬೆಂದೋದೆ.”

“ಅವರು ಎಷ್ಟೋ ಸಲ ಹೇಳೋಣ ಅಂದ್ರು. ನಾನೇ ಆಣೆ ಹಾಕಿಸ್ಕೊಂಡಿದ್ದೆ. ನಿಮಗೆ ಗೊತ್ತಾದ್ರೆ ನೀವು ಬರ್ತಿದ್ರಿ. ನೀವು ಬಂದ್ರೆ ನಾನು ಮನೇಲಿ ಉಳೀಬೇಕಾಗ್ತಿತ್ತು. ಇದು ಕಲ್ಲು ಜಮೀಲಾ, ಇದು ಮರಳು ಅಂತ ಹೇಳೋರು. ಮದುವೆಯಾಗಿ ಅಷ್ಟು ವರ್ಷದಲ್ಲಿ ನಂಗೇ ಅಂತ ಅವರು ಮಾತಾಡಿದ್ದು ಅಲ್ಲೇ. ಬಿಟ್ಕೊಡೋಕೆ ಮನಸ್ಸಾಗ್ಲಿಲ್ಲ. ತಪ್ಪು ಮಾಡ್ದೆ.”

ಜವರಯ್ಯ ಹೊರಬಂದ. ಓಣಿಯ ತುದಿಯಲ್ಲಿ ನಿಲ್ಲಿಸಿದ್ದ ತನ್ನ ಮೊಪೆಡ್ಡಿಗೆ ಕೀಲಿ ಹಾಕಿ, ಹಾಗೇ ಅದನ್ನು ಹಿಡಿದುಕೊಂಡು ನಿಂತ. ಹಿಂದೆ ಜನ ಎದ್ದರು. ಹೆಗಲಿಂದ ಹೆಗಲಿಗೆ ದಾಟುತ್ತಾ ಜನಾಜಾದ ಮಂಚ ಹತ್ತಿರ ಬಂತು. ದಾನಿಶ್ ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಜವರಯ್ಯ ಕೀಲಿಯನ್ನು ಅಲ್ಲೇ ಬಿಟ್ಟು ಹೆಗಲು ಕೊಟ್ಟ.

ಮಣ್ಣು ಮಾಡಿ ಬಂದ ಮೇಲೆ ಅವನು ಮತ್ತೆ ಪರದೆಯ ಮುಂದೆ ನಿಂತಿದ್ದ.

“ಎಲ್ಲಿ ನಿಲ್ತಿದ್ರಿ ಅಕ್ಕ?”

“ನೀವು ನಿಲ್ಲಿಸ್ತಿದ್ದ ಕಡೆ ಅಲ್ಲ. ಅದಕ್ಕಿಂತ ಮೇಲೆ, ಅತ್ತಿಮರದ ಹತ್ರ ಚಪ್ಪಟೆ ಬಂಡೆ ಇದೆಯಲ್ಲ, ಅಲ್ಲಿ. ಗಂಡ ಹೋದ್ರೆ ನಮ್ಮಲ್ಲಿ ಕಟ್ಟಳೆ, ನಾಲ್ಕು ತಿಂಗಳು ಹತ್ತು ದಿನ ನಾನು ಮನೆ ಬಿಡಂಗಿಲ್ಲ. ನೀವು ನೋಡ್ಕೊಂಡು ಬನ್ನಿ. ನೀರು ಹೆಂಗಿದೆ ಅಂತ ಹೇಳಿ.”

“ಏಳ್ತೀನಿ ಬುಡಿ.”

* * *

ಸಂಜೆ ಬಿಸಿಲು ಹೊಳೆಗೆ ಅಡ್ಡವಾಗಿ ಬಿದ್ದಿತ್ತು. ಜವರಯ್ಯ ಪಂಚೆ ಮೇಲೆ ಕಟ್ಟಿ, ಅತ್ತಿಮರದ ಬೇರು ಹಿಡಿದು ಇಳಿದ. ಬಂಡೆ ಮೊಣಕಾಲುದ್ದ ನೀರಿನ ಕೆಳಗಿತ್ತು. ಅದರ ಆಚೆಗೆ ಆಳ, ಕಪ್ಪು ನೀರು ಸುರುಳಿ ಬಿಚ್ಚುತ್ತಾ ಓಡುತ್ತಿತ್ತು. ಬಂಡೆಯ ಮೈಯೆಲ್ಲ ಹಸಿರು ಪಾಚಿ, ನೀರು ಹರಿದ ಕಡೆಗೆ ಕೂದಲಿನಂತೆ ತೂಗುತ್ತಿತ್ತು. ಎರಡೇ ಕಡೆ ಪಾಚಿ ಸವೆದಿತ್ತು. ಮುಂದೆ, ಆಳದ ಅಂಚಿನಲ್ಲಿ, ಗಂಡಸಿನ ಎರಡು ಪಾದಗಳ ಅಗಲ. ಅಲ್ಲಿ ತೆಳ್ಳಗೆ ಹಸಿರು ಉಳಿದಿತ್ತು. ಒಂದು ಮೊಳ ಹಿಂದೆ ಇನ್ನೊಂದು ಗುರುತು, ಸಣ್ಣ ಪಾದಗಳದ್ದು, ಹಿಮ್ಮಡಿಯ ಕಡೆ ಒತ್ತಿ ನಿಂತದ್ದು. ಅಲ್ಲಿ ಪಾಚಿಯ ಎಳೆಯೂ ಇರಲಿಲ್ಲ. ನೀರಿನಡಿಯಿಂದ ಬರೀ ಕಲ್ಲು ಬೆಳ್ಳಗೆ ಕಾಣುತ್ತಿತ್ತು.