ಪ್ರತಿ ಸಾಲಿಗೂ ಅವನ ಹೆಸರು

"ಅಕೌಂಟು ನನ್ನ ಹೆಸರಲ್ಲೇ ತೆರೀತೀನಿ ಅಕ್ಕಾ, ಕೆಲಸ ಬೇಗ ಆಗುತ್ತೆ," ಎಂದ ವಿಭಾಗದ ಮುಖ್ಯಸ್ಥ, ಅವಳ ಕುರ್ಚಿಯಲ್ಲೇ ಕುಕ್ಕರಿಸಿ. ಆಫೀಸಿನಲ್ಲಿ ಎಲ್ಲರಿಗೂ ಅವಳು ಅಕ್ಕ. ಅವಳಿಗಿಂತ ಎರಡು ವರ್ಷ ದೊಡ್ಡವನಾದ ಈ ಮಹಾಶಯನಿಗೂ.

ಆಸ್ಪತ್ರೆಯಲ್ಲಿ ಮಗುವಿನ ತೂಕ ನೋಡಿ, ಎಷ್ಟು ಔಷಧ ಕೊಡಬೇಕೆಂದು ಹೇಳುವ ಸಾಫ್ಟ್‌ವೇರ್ ಅದು. ಒಂಬತ್ತು ವರ್ಷ ಅವಳೊಬ್ಬಳೇ ಬರೆದದ್ದು. ಇಷ್ಟು ದಿನ ಅವಳ ಕಂಪ್ಯೂಟರಿನಲ್ಲಿ 'ಕೊನೆಯದು', 'ನಿಜವಾಗಿಯೂ ಕೊನೆಯದು', 'ಇದೇ ಕೊನೆ, ಮುಟ್ಟಬೇಡಿ' ಎಂಬ ಫೋಲ್ಡರುಗಳಲ್ಲಿ ಬಿದ್ದಿತ್ತು. ಇನ್ನು ಎಲ್ಲವನ್ನೂ ಆನ್‌ಲೈನಿನಲ್ಲಿಡಬೇಕೆಂದು ಕಂಪನಿಯ ಯಜಮಾನರ ಅಪ್ಪಣೆಯಾಗಿತ್ತು. ಕೋಡಿನ ಯಾವ ಸಾಲನ್ನು ಯಾರು ಸೇರಿಸಿದರು, ಯಾರು ತಿದ್ದಿದರು ಎಂಬುದು ಅಲ್ಲಿ ತಾನಾಗಿ ದಾಖಲಾಗುತ್ತದೆ. ಮುಂದಿನ ತಿಂಗಳು ಅವಳು, ಮುಖ್ಯಸ್ಥ ಈ ಇಬ್ಬರಲ್ಲಿ ಒಬ್ಬರನ್ನಷ್ಟೇ ಉಳಿಸಿಕೊಳ್ಳುವುದಾಗಿಯೂ, ಆ ದಾಖಲೆ ನೋಡಿಯೇ ತೀರ್ಮಾನಿಸುವುದಾಗಿಯೂ ಅವರು ಹೇಳಿಬಿಟ್ಟಿದ್ದರು.

ಅವನು ಗುಂಡಿ ಒತ್ತಿದ. ನಲವತ್ತು ಸಾವಿರ ಸಾಲು ಆನ್‌ಲೈನಿಗೇರಿತು. ಪ್ರತಿ ಸಾಲಿನ ಪಕ್ಕದಲ್ಲೂ ಅವನ ಹೆಸರು, ಹಲ್ಲು ಕಿರಿಯುವ ಒಂದು ಪುಟ್ಟ ಫೋಟೋ. ಥೂ!

"ಇದೇನ್ರೀ, ಎಲ್ಲಾ ನೀವೇ ಬರೆದ ಹಾಗಿದೆ?"

"ಅಯ್ಯೋ, ಯಾರ ಹೆಸರಾದ್ರೇನಕ್ಕಾ? ನಾವೇನು ಬೇರೆಬೇರೆನಾ?"

ಅವಳಿಗೆ ಹೇಸಿಗೆಯಾಯಿತು. ಅವನು ಎದ್ದು ಹೋದ ಮೇಲೂ ಆ ಕುರ್ಚಿಯಲ್ಲಿ ಕೂರಲು ಮನಸ್ಸಾಗದೆ ನಿಂತೇ ಇದ್ದಳು.

ವಾರ ಕಳೆಯುವಷ್ಟರಲ್ಲಿ ಒಂದು ಆಸ್ಪತ್ರೆಯಿಂದ ಫೋನ್ ಬಂತು. ಒಂದು ಕಿಲೋ ತೂಗುವ ಕೂಸಿಗೆ ಸಾಫ್ಟ್‌ವೇರ್ ಎರಡರಷ್ಟು ಔಷಧ ಹೇಳಿತ್ತು. ನರ್ಸ್‌ಗೆ ಅನುಮಾನ ಬಂದು ಕೈ ತಡೆದದ್ದರಿಂದ ಕೂಸು ಬದುಕಿತ್ತು.

ಯಜಮಾನರು ಇಬ್ಬರನ್ನೂ ಕೋಣೆಗೆ ಕರೆಸಿ, ದೊಡ್ಡ ಪರದೆಯ ಮೇಲೆ ತಪ್ಪಿದ್ದ ಸಾಲನ್ನು ತೋರಿಸಿದರು. ಪಕ್ಕದಲ್ಲಿ ಅದೇ ಫೋಟೋ.

"ಸಾರ್, ಆ ಸಾಲು ಅಕ್ಕಂದು," ಎಂದ ಮುಖ್ಯಸ್ಥ ತಟ್ಟನೆ.

"ಮಿಕ್ಕಿದ್ದು?"

"ಮಿಕ್ಕಿದ್ದು... ದಾಖಲೆಯಲ್ಲೇ ಇದೆಯಲ್ಲ ಸಾರ್."

ಇವನ ಮುಖಕ್ಕಿಷ್ಟು! 'ದಾಖಲೆಯಲ್ಲಿ ಈ ಸಾಲೂ ಇವರದ್ದೇ ಸಾರ್' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟು ಹೇಳಿದ್ದರೆ ಸಾಕು, ಅವನ ಕಥೆ ಮುಗಿಯುತ್ತಿತ್ತು. ಆದರೆ ಸಾಲು ಅವಳದ್ದೇ. ಎರಡು ಕಿಲೋಗಿಂತ ಕಡಿಮೆ ತೂಕದ ಕೂಸನ್ನೂ ಎರಡು ಕಿಲೋ ಎಂದೇ ಎಣಿಸಿದ್ದಳು. ಮಗಳಿಗೆ ಜ್ವರವೆಂದು ಶಾಲೆಯಿಂದ ಫೋನ್ ಬಂದ ದಿನ, ಒಂದು ಕಾಲು ಚಪ್ಪಲಿಯಲ್ಲಿಟ್ಟುಕೊಂಡು ಬರೆದದ್ದು. ಆ ಸುಳ್ಳು ತನ್ನ ಬಾಯಿಯವರೆಗೆ ಬಂತಲ್ಲ ಎಂದು ಅವಳಿಗೆ ತನ್ನ ಮೇಲೂ ಅಸಹ್ಯವಾಯಿತು.

"ನಂದೇ ಸಾರ್. ಈಗಲೇ ಸರಿ ಮಾಡ್ತೀನಿ."

ಅಲ್ಲೇ ಕೂತು ತನ್ನದೊಂದು ಅಕೌಂಟು ತೆರೆದಳು. ಸಾಲನ್ನು ತಿದ್ದಿದಳು, ಬೇರೆಬೇರೆ ತೂಕ ಕೊಟ್ಟು ಮೂರು ಸಲ ಪರೀಕ್ಷಿಸಿದಳು. ಏನು ಬದಲಾಯಿಸಿದಿರಿ ಎಂದು ಕೇಳುವ ಚೌಕದಲ್ಲಿ ಬರೆದಳು: 'ಪುಟ್ಟ ಕೂಸುಗಳ ಔಷಧದ ಪ್ರಮಾಣ ತಪ್ಪಿತ್ತು. ತಪ್ಪು ನನ್ನದು.' ಗುಂಡಿ ಒತ್ತಿದಳು.

ಯಜಮಾನರು ಪರದೆಯನ್ನು ನಿಧಾನವಾಗಿ ಮೇಲಿನಿಂದ ಕೆಳಕ್ಕೆ ಸರಿಸಿದರು. ಅವನ ಹೆಸರು, ಅವನ ಹೆಸರು, ಅವನ ಹೆಸರು. ನಡುವೆ ಒಂದೇ ಒಂದು ಕಡೆ ಅವಳದು ಬಂತು, 'ತಪ್ಪು ನನ್ನದು' ಎಂಬ ಮಾತಿನೊಂದಿಗೆ. ಫೋಟೋ ಇರಬೇಕಾದಲ್ಲಿ ಇನ್ನೂ ಬರೀ ಬೂದು ಬಣ್ಣದ ವೃತ್ತ.